ಎರಡು ನೀಲಿ ಬ್ಯಾರಲ್

ಜನವರಿ 8, ಬುಧವಾರ

...ಅಷ್ಟೆಲ್ಲ ಆದ ಮೇಲೆ ಕ್ಯಾಂಟೀನಿಗೆ ಹೋದರೆ ರೊಟ್ಟಿಯೂ ಮುಗಿದಿತ್ತು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಒತ್ತಡ ತೋರಿಸುವ ಗೇಜಿನ ಮುಂದೆ ಸ್ಟೂಲು ಹಾಕಿಕೊಂಡು ಕುಳಿತಿದ್ದೇನೆ. ಮುಳ್ಳು ಇಪ್ಪತ್ತೈದರ ಮೇಲೆ ಮೊಳೆ ಹೊಡೆದ ಹಾಗೆ ನಿಂತಿದೆ. ಇಳಿಯಬೇಕು ಅದು. ಒಳಗಿನ ನಿಕ್ಕಲ್ ಹೈಡ್ರೋಜನ್ ಕುಡಿದಂತೆಲ್ಲ ಮುಳ್ಳು ಇಳಿಯಬೇಕು, ನಾವು ಮತ್ತೆ ಗ್ಯಾಸು ಬಿಡಬೇಕು, ಮತ್ತೆ ಇಳಿಯಬೇಕು. ಗುಜರಾತಿನ ಅಂಕಲೇಶ್ವರದಲ್ಲಿ ನಾಲ್ಕು ವರ್ಷ ಇದನ್ನೇ ನೋಡಿದವನು ನಾನು. ಇವತ್ತು ಎಂಟು ತಾಸಿನಲ್ಲಿ ಒಂದು ಗುಟುಕೂ ಕುಡಿಯಲಿಲ್ಲ.

ಕಾಶಿನಾಥ ಕಾಕಾ ಎರಡು ಸಲ ಬಂದು ನೋಡಿದರು.

"ಏನಪಾ ಸಿದ್ರಾಯ, ಬಿಸಿ ಏರಿಸಿ ನೋಡಿಯೇನ?"

"ನೂರಾ ಎಂಬತ್ತಕ್ಕ ಒಯ್ದೇನ್ರಿ ಕಾಕಾ. ಒಳಗ ತಿರಗೂ ಪಂಕಾನೂ ಸುದ್ದ ಐತಿ."

"ಹಂಗಾರ ನಿಕ್ಕಲ್ ಸತ್ತೈತಿ."

ಎತ್ತು ಸತ್ತಿದೆ ಅನ್ನುವ ಹಾಗೆ ಅಂದರು. ಆಮೇಲೆ ನನ್ನ ಮುಖ ನೋಡಿ ಹೆಗಲ ಮೇಲೆ ಕೈ ಇಟ್ಟರು. "ನೀ ಚಿಂತಿ ಮಾಡಬ್ಯಾಡ. ಎರಡ ದಿನ ತಡಿ, ನಾ ನೋಡ್ಕೋತೇನಿ."

ಅವರು ಹಾಗಂದರೆ ನನಗೆ ನೆಮ್ಮದಿಯ ನಿದ್ದೆ ಬರುತ್ತದೆ. ಸಂಬಂಧಿಕರೇನಲ್ಲ, ನಿಡಸೋಸಿಯವರು, ಇಲ್ಲಿ ನನ್ನ ಸೂಪರ್‌ವೈಜರು. ಟ್ರೇನಿಂಗಿಗೆ ಅಂತ ಅಂಕಲೇಶ್ವರಕ್ಕೆ ಬಂದಾಗ ಎಂಟು ತಿಂಗಳು ನನ್ನ ಖೋಲಿಯಲ್ಲೇ ಉಂಡರು. ಇಲ್ಲಿ ಹುಕ್ಕೇರಿ ರಸ್ತೆಗೆ ಈ ಪುದೀನ ಫ್ಯಾಕ್ಟರಿ ಆದಾಗ ಮೊದಲ ಫೋನು ನನಗೇ ಮಾಡಿದರು. ಜನವರಿ ಮುಗಿದರೆ ನನ್ನ ಆರು ತಿಂಗಳ ಪ್ರೊಬೇಶನ್ ಮುಗಿಯುತ್ತದೆ, ಕಾಯಂ ಮಾಡುತ್ತಾರೆ. ಆರು ವರ್ಷದಲ್ಲಿ ಇದು ನನ್ನ ಐದನೇ ಖೋಲಿ. ಕೊಣ್ಣೂರಿನ ಈ ಖೋಲಿಯಲ್ಲಿ ಗೋಡೆಗೆ ಮೊಳೆ ಹೊಡೆದು ಕನ್ನಡಿ ತೂಗು ಹಾಕಿದ್ದೇನೆ. ಬೇರೆ ಯಾವ ಖೋಲಿಯಲ್ಲೂ ಮೊಳೆ ಹೊಡೆದಿರಲಿಲ್ಲ.

ಜನವರಿ 9, ಗುರುವಾರ

ಅವ್ವ ಫೋನು ಮಾಡಿದ್ದಳು. ಕುರಿ ಹಿಂಡು ಮೂಡಲಗಿ ಹತ್ತಿರ ಯಾರದೋ ಹೊಲದಲ್ಲಿ ತಂಗಿದೆಯಂತೆ. "ಅಲ್ಲಲೇ, ನೀ ದಿನಾ ಮಾಡೂದರ ಏನು?" ಅಂತ ನೂರನೇ ಸಲ ಕೇಳಿದಳು. ನೂರನೇ ಸಲ ಹೇಳಿದೆ. ಥೈಮಾಲ್ ಅಂತ ಬಿಳಿ ಹರಳು ಬರುತ್ತದೆ, ಅಜವಾನದ ವಾಸನೆ. ಅದನ್ನು ಕರಗಿಸಿ ಕಬ್ಬಿಣದ ದೊಡ್ಡ ಪಾತ್ರೆಗೆ ಹಾಕುತ್ತೇವೆ, ಅದರಲ್ಲಿ ಕರಿ ಕೆಸರಿನಂಥ ನಿಕ್ಕಲ್ ಹಾಕುತ್ತೇವೆ, ಬಾಯಿ ಬಿಗಿದು ಹೈಡ್ರೋಜನ್ ತುಂಬುತ್ತೇವೆ. ನಿಕ್ಕಲ್ ಆ ಹೈಡ್ರೋಜನ್ ಹಿಡಿದು ಥೈಮಾಲಿಗೆ ಕೊಡುತ್ತದೆ. ಥೈಮಾಲ್ ಮೆಂಥಾಲ್ ಆಗುತ್ತದೆ, ಅಂದರೆ ಪುದೀನದ ಸತ್ವ. ನಿಕ್ಕಲ್ ಮಾತ್ರ ಕರಗುವುದಿಲ್ಲ, ಸವೆಯುವುದಿಲ್ಲ, ಸೋಸಿ ತೆಗೆದು ಮತ್ತೆ ಹಾಕಬಹುದು.

"ಅಜವಾನ ಹಾಕಿ ಪುದೀನ ತಗೀತೀರಿ? ಗಾರುಡಿಗ್ಯಾರ ಅದೀರೋ ನೀವು."

"ಗಾರುಡಿ ಅಲ್ಲಬೇ, ಕೆಮಿಸ್ಟ್ರಿ."

"ಎರಡೂ ಒಂದ. ಮಂದಿ ಮೈ ಸುಟ್ಟುಕೊಳ್ಳದಂಗ ಇರ್ರಿ."

ಸುಡುವ ಮಾತನ್ನು ಅವಳಿಗೆ ಹೇಳಿಲ್ಲ. ಆ ಕೆಸರು ಯಾವಾಗಲೂ ನೀರಿನೊಳಗೆ ಮುಳುಗಿರಬೇಕು. ಒಣಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ.

ಸತ್ತ ಬ್ಯಾಚ್ ಅನ್ನು ಇಂದು ಹೊರಗೆ ತೆಗೆದೆವು. ಅಜವಾನದ ವಾಸನೆ ಹೇಗೆ ಒಳಗೆ ಹೋಗಿತ್ತೋ ಹಾಗೇ ಹೊರಗೆ ಬಂತು.

ಜನವರಿ 11, ಶನಿವಾರ

ನನ್ನ ಬಗ್ಗೆ ಬರೆದಿದ್ದಾರೆ. ಕಾಶಿನಾಥ ಕಾಕಾ. ಬೇರೆ ಯಾರೋ ಅಲ್ಲ.

ಸತ್ತ ಬ್ಯಾಚಿನ ರಿಪೋರ್ಟು ಇಂಗ್ಲಿಷಿನಲ್ಲಿತ್ತು. ಲ್ಯಾಬಿನ ನೇತ್ರಾ ಓದಿ ಹೇಳಿದಳು. ಆಕೆಯೂ ನಿಡಸೋಸಿಯವಳೇ, ಒಂದು ವರ್ಷದ ಟ್ರೇನಿಂಗಿಗೆ ಬಂದಿದ್ದಾಳೆ, ಕಡ್ಡಿ ಮುರಿದಂತೆ ಮಾತು. "ಪಾಳಿ ಆಪರೇಟರ್ ನಿಕ್ಕಲ್ ನೀರಾಗಿಂದ ತಗದು ಗಾಳಿಗೆ ಬಿಟ್ಟಾನ, ಅದಕ್ಕ ಕೆಟ್ಟೈತಿ ಅಂತ ಬರದಾರ್ರಿ. ಆಪರೇಟರ್ ಅಂದ್ರ ನೀವ."

ಕಾಗದ ಕಿತ್ತುಕೊಂಡು ಸೀದಾ ಅವರ ಟೇಬಲ್ಲಿಗೆ ಹೋದೆ. ಚಹಾ ಕುಡಿಯುತ್ತಿದ್ದರು.

"ಕಾಕಾ, ಇದೇನ್ರಿ?"

"ಕುಂದರು."

"ಕುಂದರೂದಿಲ್ರಿ. ನಾ ಯಾವಾಗ ಗಾಳಿಗೆ ಬಿಟ್ಟೇನ್ರಿ?"

"ಮಾಲಕರು ಕಾರಣ ಕೇಳಿದ್ರು. ಏನರ ಒಂದ ಕಾರಣ ಬರೀಬೇಕಲ್ಲಪಾ. ನಿನ್ನ ಮ್ಯಾಲ ಬರದ್ರ ನಾಳೆ ನಾ ತಿದ್ದಬಹುದು. ನನ್ನ ಮ್ಯಾಲ ಬಂದ್ರ ಯಾರ ತಿದ್ದತಾರ?"

ಇದನ್ನು ನನ್ನ ಉಪಕಾರಕ್ಕೆ ಮಾಡಿದ ಹಾಗೆ ಹೇಳಿದರು! ಆಮೇಲೆ ಅದೇ ಮಾತು: ಎರಡ ದಿನ ತಡಿ, ನಾ ನೋಡ್ಕೋತೇನಿ. ನಾನು ಬಾಯಿ ಮುಚ್ಚಿಕೊಂಡು ಬಂದೆ. ಯಾಕೆ ಬಂದೆ? ಟೇಬಲ್ಲು ಎತ್ತಿ ಹಾಕಬೇಕಿತ್ತು. ಎಂಟು ತಿಂಗಳು ಇವರಿಗೆ ಅನ್ನ ಬೇಯಿಸಿ ಹಾಕಿದ್ದೇನೆ, ಖಾರ ಆಗದು ಅಂತ ಬೇರೆ ಸಾರು ಮಾಡಿದ್ದೇನೆ.

ನಿಕ್ಕಲ್ ಗಾಳಿಗೆ ಬಿಟ್ಟವನು ಅಂತ ಒಮ್ಮೆ ಹೆಸರು ಬಂದರೆ ಯಾವ ಫ್ಯಾಕ್ಟರಿಯವರೂ ಹೈಡ್ರೋಜನ್ ಹತ್ತಿರ ಬಿಡುವುದಿಲ್ಲ. ಕಾಯಂ ಮಾತು ಹಾಗಿರಲಿ, ಅಂಕಲೇಶ್ವರಕ್ಕೂ ತಿರುಗಿ ಹೋಗುವಂತಿಲ್ಲ. ಚೀಲ ಹೊರಲು ಹೋಗಬೇಕು.

ಜನವರಿ 12, ಭಾನುವಾರ

ಗೋಕಾಕ ಫಾಲ್ಸ್‌ವರೆಗೆ ಸುಮ್ಮನೆ ಗಾಡಿ ಓಡಿಸಿಕೊಂಡು ಹೋದೆ. ತೂಗು ಸೇತುವೆ ನಡುವೆ ನಿಂತೆ. ನೀರು ಬಂಡೆ ಮೇಲೆ ಒಂದು ಎಳೆಯಷ್ಟೇ ಇತ್ತು. ತಿರುಗಿ ಬಂದೆ. ಮಾತಾಡುವ ಮನಸ್ಸಿಲ್ಲ.

ಜನವರಿ 13, ಸೋಮವಾರ

ತೋರಿಸಿಕೊಟ್ಟೆ! ಮಾಲಕರಿಗಲ್ಲ, ನೇತ್ರಾಗೆ. ಆದರೂ ತೋರಿಸಿಕೊಟ್ಟೆ.

ಊಟದ ಹೊತ್ತಿನಲ್ಲಿ ಶೆಡ್ಡಿನ ಹಿಂದೆ ಇಟ್ಟಿಗೆ ಮೇಲೆ ಎರಡು ಸೋಸುವ ಕಾಗದ ಇಟ್ಟೆ. ಕಂಪನಿಯಿಂದ ಬಂದ ಸ್ಟೀಲಿನ ಡ್ರಮ್ಮಿನಿಂದ ಒಂದು ಚಮಚ ನಿಕ್ಕಲ್ ತೆಗೆದು ಮೊದಲ ಕಾಗದದ ಮೇಲೆ ಹಾಕಿದೆ. ನೀರು ಆರುತ್ತಿದ್ದ ಹಾಗೆ ಅಂಚಿಗೆ ಕೆಂಪು ಚುಕ್ಕೆ ಮೂಡಿತು, ಚುಕ್ಕೆ ಓಡಾಡಿತು, ಕಾಗದ ಹೊತ್ತಿತು. ನೇತ್ರಾ ಮರಳಿನ ಬಕೀಟು ಹಿಡಿದುಕೊಂಡೇ ನಿಂತಿದ್ದಳು.

"ಇದು ಜೀವಂತ ನಿಕ್ಕಲ್. ನಾ ಗಾಳಿಗೆ ಬಿಟ್ಟಿದ್ರ ಶೆಡ್ ಉಳೀತಿತ್ತೇನ್ರಿ?"

ಆಮೇಲೆ ನೀಲಿ ಬ್ಯಾರಲ್ಲಿನ ನಿಕ್ಕಲ್ ಎರಡನೇ ಕಾಗದದ ಮೇಲೆ ಹಾಕಿದೆ. ಡಿಸೆಂಬರಿನಲ್ಲಿ ಒಂದು ಸ್ಟೀಲ್ ಡ್ರಮ್ಮು ಸೋರಿತ್ತು, ಅದರೊಳಗಿನದನ್ನು ಎರಡು ನೀಲಿ ಪ್ಲಾಸ್ಟಿಕ್ ಬ್ಯಾರಲ್ಲಿಗೆ ಹಾಕಿಟ್ಟಿದ್ದೆವು. ಸತ್ತ ಬ್ಯಾಚಿಗೆ ಹೋದದ್ದು ಅದೇ. ನಾವಿಬ್ಬರೂ ಕಾಲು ತಾಸು ಕಾದೆವು. ಕಾಗದ ಒಣಗಿತು, ಅಷ್ಟೇ. ಬೂದಿಯ ಹಾಗೆ ಬಿದ್ದಿತ್ತು.

"ಇದು ಒಣಗಿ ಸತ್ತಿದ್ದಲ್ರಿ" ಅಂದಳು ನೇತ್ರಾ. "ನೀರಾಗ ಇದ್ದಾಗನ ಸತ್ತೈತಿ. ಏನೋ ತಿಂದೈತಿ."

ಆಕೆ ಬ್ಯಾರಲ್ಲಿನ ನೀರನ್ನು ಲ್ಯಾಬಿಗೆ ಒಯ್ದಳು. ಎರಡು ಹನಿ ಆಮ್ಲ ಹಾಕಿ ಬಿಸಿ ಮಾಡಿ ಮೇಲೆ ಸೀಸದ ಉಪ್ಪು ಹಚ್ಚಿದ ಬಿಳಿ ಕಾಗದದ ಪಟ್ಟಿ ಹಿಡಿದಳು. ಪಟ್ಟಿ ಕಪ್ಪಾಯಿತು. ಗಂಧಕ. ನಿಕ್ಕಲ್ಲಿಗೆ ಗಂಧಕವೆಂದರೆ ವಿಷ. ಹೈಡ್ರೋಜನ್ ಕೂರಬೇಕಾದ ಜಾಗದಲ್ಲಿ ಅದೇ ಕೂತುಬಿಡುತ್ತದೆ, ಏಳುವುದಿಲ್ಲ.

ಆಕೆ ನಕ್ಕಿದ್ದು ಇವತ್ತೇ ನೋಡಿದ್ದು. "ಈ ಪಟ್ಟಿಯಿಂದ ನಿಮ್ಮ ಹೆಸರು ಉಳೀತ್ರಿ" ಅಂದಳು.

ಈಗ ಬರಲಿ ಕಾಶಿನಾಥ ಕಾಕಾ.

ಜನವರಿ 14, ಮಂಗಳವಾರ

ಸಂಕ್ರಾಂತಿ ಅಂತ ಊರಿಗೆ ಹೋಗಿದ್ದೆ. ಹೋಗಬಾರದಿತ್ತು.

ಅವ್ವ ಸಜ್ಜಿ ರೊಟ್ಟಿ ಬಡಿದಿದ್ದಳು. ಉಂಡು ಮೂಡಲಗಿ ಕಡೆ ದುಂಡೇಶನ ಗಾಣಕ್ಕೆ ಹೋದೆ. ಒಂದೇ ಬೆಂಚಿನಲ್ಲಿ ಕೂತು ಸಾಲಿ ಕಲಿತವರು ನಾವು. ಅವನ ಗಾಣದಲ್ಲಿ ಬೆಲ್ಲದ ಕೊಪ್ಪರಿಗೆ ಕುದಿಯುತ್ತಿತ್ತು. ನನ್ನನ್ನು ನೋಡಿ ಕೂಗಿದ, "ಬಾರಲೇ ಸೈಂಟಿಸ್ಟ! ನನ್ನ ಬ್ಯಾರಲ್ ಹೆಂಗ ಅದಾವು?"

ಹೌದು. ಆ ಬ್ಯಾರಲ್ ತಂದವನು ನಾನೇ. ಕಾಶಿನಾಥ ಕಾಕಾ ಅಂದಿದ್ದರು, "ನಿಮ್ಮ ಕಡೆ ಗಾಣದಾಗ ನೀಲಿ ಬ್ಯಾರಲ್ ಸಿಗ್ತಾವಲ್ಲ, ಎರಡು ತಂದುಬಿಡು, ಹೊಸಾವು ತರಸಾಕ ವಾರ ಹಿಡೀತೈತಿ. ರಜಿಸ್ಟರದಾಗ ನಾ ಬರ್ಕೋತೇನಿ." ದುಂಡೇಶ ಟೆಂಪೋಕ್ಕೆ ತಾನೇ ಹತ್ತಿಸಿದ್ದ. ನಾನು ಮೂರು ಸಲ ತೊಳೆದೆ. ತೊಳೆದು ಒಳಗೆ ಮುಖ ಹಾಕಿ ಮೂಸಿದೆ. ಬೆಲ್ಲದ ವಾಸನೆ ಬಂತು. ಎಷ್ಟು ಹಿತವಾಯಿತೆಂದರೆ ಎರಡನೇ ಸಲ ಮೂಸಿದೆ. ಮತ್ತೇನೂ ಇರಬಹುದು ಅನ್ನಿಸಲೇ ಇಲ್ಲ.

ಇವತ್ತು ದುಂಡೇಶ ನನ್ನ ಎದುರಿಗೇ ಅಂಥದೇ ನೀಲಿ ಬ್ಯಾರಲ್ಲಿನ ಮುಚ್ಚಳ ತೆಗೆದು ಒಂದು ಬೊಗಸೆ ಬಿಳಿ ಪುಡಿ ಎತ್ತಿ ಕೊಪ್ಪರಿಗೆಗೆ ಎರಚಿದ. ಕಂದು ಪಾಕ ಬಂಗಾರದ ಬಣ್ಣಕ್ಕೆ ತಿರುಗಿತು. ಬೆಂಕಿಕಡ್ಡಿ ಗೀರಿದ ಹಾಗೆ ವಾಸನೆ ಮೂಗಿಗೆ ಹೊಡೆಯಿತು.

"ಏನಲೇ ಅದು?"

"ಹೈಡ್ರೋಸ್. ಬೆಲ್ಲ ಬೆಳ್ಳಗಾಗಾಕ. ಕರೇ ಬೆಲ್ಲ ಯಾರ ತಗೋತಾರ ಈಗ?"

"ನನಗ ಕೊಟ್ಟ ಬ್ಯಾರಲ್ದಾಗೂ ಇದ ಇತ್ತೇನು?"

"ಮತ್ತೇನ ತುಪ್ಪ ಇರತಿತ್ತೇನಲೇ?"

ಹೈಡ್ರೋಸ್ ಎಂದರೆ ಗಂಧಕದ್ದೇ ಉಪ್ಪು. ಮುಚ್ಚಳದ ರಬ್ಬರಿನ ಸಂದಿಯಲ್ಲಿ ಒಂದು ಚಿಟಿಕೆ ಉಳಿದಿದ್ದರೂ ಸಾಕಿತ್ತು. ಬಿಸಿ ಬೆಲ್ಲ ಎಲೆಯ ಮೇಲೆ ಹಾಕಿ ಕೊಟ್ಟ. ತಿನ್ನಲಾಗಲಿಲ್ಲ.

ಜನವರಿ 16, ಗುರುವಾರ

ನೇತ್ರಾ ಕೇಳಿದಳು. ಕೇಳುತ್ತಾಳೆ ಅಂತ ಗೊತ್ತಿತ್ತು.

"ಆ ಬ್ಯಾರಲ್ ಎಲ್ಲಿಂದ ಬಂದಾವು, ನಿಮಗೇನರ ಗೊತ್ತೈತೇನ್ರಿ? ರಜಿಸ್ಟರದಾಗ ಹೊಸಾವು ಅಂತೈತಿ. ಹೊಸಾದ್ರಾಗ ಗಂಧಕ ಹೆಂಗ ಬಂತು?"

"ಗೊತ್ತಿಲ್ರಿ" ಅಂದೆ.

"ಸೋಮವಾರ ಮಾಲಕರು ಬರ್ತಾರ. ಪಟ್ಟಿ ತೋರಸ್ತೇನಿ. ಬ್ಯಾರಲ್ ಸುದ್ದಿ ಗೊತ್ತಾದ್ರ ಚಲೋ ಆಗತಿತ್ತು."

"ನೀವ ಚಿಂತಿ ಮಾಡಬ್ಯಾಡ್ರಿ. ಎರಡ ದಿನ ತಡೀರಿ, ನಾ ನೋಡ್ಕೋತೇನಿ."

ಆಕೆ ನನ್ನನ್ನೇ ಒಂದು ಕ್ಷಣ ನೋಡಿ ಸರಿ ಅಂದಳು. ಒಳ್ಳೆಯ ಹುಡುಗಿ, ನಂಬುತ್ತಾಳೆ. ಕಾಕಾನ ಹಾಗಲ್ಲ. ಅವರು ಇವತ್ತು ನನ್ನ ಎದುರು ಹಾದು ಹೋದರು, ಮುಖ ಎತ್ತಲಿಲ್ಲ. ರಜಿಸ್ಟರಿನಲ್ಲಿ ಹೊಸಾವು ಅಂತ ಬರೆದವರು ಅವರು, ಅನುಭವಿಸುವವನು ನಾನು. ಅಂಥವರ ಜೊತೆ ಒಂದೇ ಖೋಲಿಯಲ್ಲಿ ಮಲಗಿದ್ದೆನಲ್ಲ ಅಂತ ಮೈ ಉರಿಯುತ್ತದೆ.

ಜನವರಿ 20, ಸೋಮವಾರ

ಮಾಲಕರು ಹುಕ್ಕೇರಿಯಿಂದ ಹತ್ತಕ್ಕೆ ಬಂದರು. ನಾನೂ ನೇತ್ರಾಳೂ ನಿಂತಿದ್ದೆವು. ಕಾಶಿನಾಥನಿಗೆ ಮಾತ್ರ ಕುರ್ಚಿ.

ನೇತ್ರಾ ಮೊದಲಿನಿಂದ ಹೇಳಿದಳು. ಉರಿದ ಕಾಗದ, ಉರಿಯದ ಕಾಗದ, ಕಪ್ಪು ಪಟ್ಟಿ. "ಸಿದ್ರಾಯನವರದ ತಪ್ಪಿಲ್ರಿ ಸರ್. ನೀರಾಗ ಗಂಧಕ ಇತ್ತು." ನನ್ನ ಹೆಸರನ್ನು ಎಷ್ಟು ಚೆನ್ನಾಗಿ ಹೇಳಿದಳೆಂದರೆ ನನಗೆ ಕಣ್ಣು ತುಂಬಿತು.

ಮಾಲಕರು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಮತ್ತ ನಿಕ್ಕಲ್ ಮುಳುಗಿಸೂ ನೀರು ಲ್ಯಾಬಿನ್ಯಾಗ ಟೆಸ್ಟ್ ಆಗಬೇಕಲ್ಲ, ಮಾಡಿದವರು ಯಾರು?"

ಕಾಶಿನಾಥ ರಜಿಸ್ಟರು ತೆರೆದು ತಿರುಗಿಸಿ ಇಟ್ಟ. ಹೊಸ ಬ್ಯಾರಲ್ ಎರಡು. ನೀರು ಪರೀಕ್ಷೆ ಆಗಿದೆ, ಸರಿ ಇದೆ. ಕೆಳಗೆ ನೇತ್ರಾಳ ಸಹಿ. ತಿಂಗಳ ಕೊನೆಗೆ ಇಪ್ಪತ್ತು ಹಾಳೆ ಒಟ್ಟಿಗೆ ಮುಂದಿಟ್ಟು ಸಹಿ ಹಾಕಿಸಿಕೊಳ್ಳುತ್ತಾನೆ, ನನ್ನ ಕೈಲೂ ಹಾಕಿಸಿದ್ದಾನೆ.

"ನನಗ ಈ ನೀರು ಕೊಟ್ಟೇ ಇಲ್ರಿ ಸರ್."

"ಸಹಿ ನಿನ್ನದ ಹೌದಲ್ಲವಾ?" ಅಂದರು ಮಾಲಕರು.

"ಹೌದ್ರಿ. ಆದ್ರ ಬ್ಯಾರಲ್ ಹೊಸಾವಲ್ರಿ ಅವು. ಎಲ್ಲಿಂದ ಬಂದ್ವು ಕೇಳ್ರಿ."

ಮಾಲಕರು ಕೇಳಿದರು, "ಎಲ್ಲಿಂದ ಬಂದ್ವು, ಕಾಶಿನಾಥ?" ಕಾಶಿನಾಥ ಹೊಸವೇ ಅಂದ. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಕೇಳದೆ ಹೇಗೆ ಹೇಳುವುದು?

ನನ್ನ ಹೆಸರು ರಿಪೋರ್ಟಿನಿಂದ ಹೋಯಿತು. ನೇತ್ರಾಗೆ ಒಂದು ವಾರ ಬರಬೇಡ ಅಂದರು. ಮುಂದಿನ ಸೋಮವಾರ ಹತ್ತಕ್ಕೆ ಬಂದು ತಪ್ಪು ತನ್ನದೇ ಅಂತ ಒಪ್ಪಿಕೊಂಡು ಬರೆದುಕೊಡಬೇಕು, ಇಲ್ಲದಿದ್ದರೆ ಟ್ರೇನಿಂಗ್ ಸರ್ಟಿಫಿಕೇಟು ಇಲ್ಲ. ಆಕೆಯ ವರ್ಷವೆಲ್ಲ ಅದಕ್ಕೇ ಹೋಗಿದೆ.

ಕಾಶಿನಾಥ ಎಂಥ ಮನುಷ್ಯ ನೋಡು. ತನ್ನೂರಿನ ಹುಡುಗಿ, ದಿನಾ ಒಂದೇ ಬಸ್ಸಿನಲ್ಲಿ ಬರುತ್ತಾರೆ.

ಜನವರಿ 21, ಮಂಗಳವಾರ

ಕಾಶಿನಾಥ ಕರದಂಟಿನ ಡಬ್ಬಿ ತಂದಿದ್ದ. "ನಾ ಹೇಳಿದ್ನಿಲ್ಲೋ, ನಾ ನೋಡ್ಕೋತೇನಿ ಅಂತ?" ಅಂದ. ಎರಡು ತುಂಡು ತಿಂದೆ. ಹಸಿವಾಗಿತ್ತು.

ಜನವರಿ 24, ಶುಕ್ರವಾರ

ಹೊಸ ಬ್ಯಾಚು. ಸ್ಟೀಲ್ ಡ್ರಮ್ಮಿನ ನಿಕ್ಕಲ್. ಬಿಸಿ ನೂರಾ ಅರವತ್ತು ದಾಟಿದಾಗ ಮುಳ್ಳು ಅಲುಗಿತು. ಇಪ್ಪತ್ತೈದು, ಇಪ್ಪತ್ನಾಲ್ಕು, ಇಪ್ಪತ್ತೆರಡು. ಗ್ಯಾಸು ಬಿಟ್ಟೆ. ಬಾಯಾರಿದ ಹೋರಿ ಕುಡಿದ ಹಾಗೆ ಕುಡಿಯಿತು. ಹನ್ನೊಂದು ಸಲ ತುಂಬಿಸಿದೆ. ಮಧ್ಯಾಹ್ನ ಒಂದಕ್ಕೆ ಸ್ಯಾಂಪಲ್ ತೆಗೆದೆ. ಅಜವಾನ ಇನ್ನೂ ಸ್ವಲ್ಪ ಇತ್ತು. ಪಾಳಿ ಎರಡಕ್ಕೇ ಮುಗಿದರೂ ಉಳಿದು ನಾಲ್ಕಕ್ಕೆ ತೆಗೆದಾಗ ಸೀಸೆಯ ಬಾಯಿಂದ ತಣ್ಣನೆ ಪುದೀನ ಮೂಗಿನ ಮೇಲೆ ಏರಿ ಕಣ್ಣಿನ ಹಿಂದೆ ಕೂತಿತು. ಈ ವಾಸನೆಗಾಗಿಯೇ ನಾನು ಈ ಕೆಲಸ ಬಿಡದೆ ಇರುವುದು.

ಅಭ್ಯಾಸದ ಮೇಲೆ ಸೀಸೆ ಹಿಡಿದುಕೊಂಡು ಲ್ಯಾಬಿಗೆ ಹೋದೆ. ಬಾಗಿಲು ಹಾಕಿತ್ತು. ಪ್ರತಿ ಬ್ಯಾಚಿನಲ್ಲೂ ಆಕೆ ಮೂಸಿ ನೋಡಿ "ಆತ್ರಿ" ಅನ್ನುತ್ತಿದ್ದಳು, ಮೆಶಿನ್ನು ಹೇಳುವ ಮೊದಲೇ. ಸೀಸೆ ಮತ್ತೆ ಬಿಗಿದೆ.

ಮಾಲಕರು ಫೋನಿನಲ್ಲಿ ಕಾಯಂ ಅಂದರಂತೆ. ಫೆಬ್ರುವರಿ ಒಂದರಿಂದ.

ನೇತ್ರಾಳ ಫೋನು ಎರಡು ಸಲ ಬಂತು. ಗಾಡಿ ಮೇಲಿದ್ದೆ. ಆಮೇಲೆ ಗಾಡಿ ಮೇಲಿರಲಿಲ್ಲ, ಆದರೂ ತೆಗೆಯಲಿಲ್ಲ.

ಜನವರಿ 25, ಶನಿವಾರ

ಮತ್ತೆ ಮೂರು ಸಲ. ಎಲ್ಲ ಮಾಡಿದ್ದು ಕಾಶಿನಾಥ, ಫೋನು ಮಾತ್ರ ನನಗೆ. ಅವನಿಗೆ ಮಾಡಬಾರದೇ?

ಜನವರಿ 26, ಭಾನುವಾರ

ಸಂಜೆ ಅವ್ವನ ಫೋನು.

"ದುಂಡ್ಯಾ ಬಂದಿದ್ನೋ. ಬ್ಯಾರಲ್ ಕೆಲಸ ಮುಗಿದಿದ್ರ ತಿರುಗಿ ಕೊಡು ಅಂತ. ಸುಗ್ಗಿ ಜೋರೈತಂತ."

"ಕೊಡ್ತೇನಿ ಬಿಡಬೇ."

"ಅವ ಊರ ತುಂಬ ಹೇಳ್ಕೊಂತ ತಿರಗಾಕತ್ತಾನ, ನನ್ನ ಬ್ಯಾರಲ್ ದೊಡ್ಡ ಫ್ಯಾಕ್ಟರಿಗೆ ಹೋಗ್ಯಾವು, ಸಿದ್ರಾಯ ಒಯ್ದಾನ ಅಂತ. ನೀ ಅಲ್ಲೆ ಅವನ ಹೆಸರ ಹೇಳಿದಿಲ್ಲ? ಪಾಪ, ಖುಷಿಯಾಗ್ಯಾನ."

"ಹೇಳಿಲ್ಲಬೇ."

"ಯಾಕ? ಕೊಟ್ಟಾವನ ಹೆಸರ ಹೇಳಾಕೇನಾತು?"

ಏನೂ ಆಗುವುದಿಲ್ಲ ಅಂದೆ. ಅವಳು ಕುರಿ ವಿಷಯಕ್ಕೆ ಹೋದಳು. ಒಂದು ಮರಿ ಹಾಲು ಕುಡಿಯುತ್ತಿಲ್ಲವಂತೆ.

ಫೋನು ಇಟ್ಟ ಕೂಡಲೇ ಮತ್ತೆ ಹೊಡೆಯಿತು. ಅವ್ವನೇ ಮರೆತು ಮಾಡಿದ್ದಾಳೆ ಅಂತ ತೆಗೆದೆ. ನೇತ್ರಾ.

"ತಗದ್ರಲ್ಲ" ಅಂದಳು. ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು. "ನಾಳೆ ಹತ್ತಕ್ಕ ಬರ್ಕೊಡಬೇಕ್ರಿ. ಬರ್ಕೊಟ್ರ ತಪ್ಪ ಒಪ್ಕೊಂಡಂಗ, ಕೊಡಲಿಲ್ಲಂದ್ರ ಸರ್ಟಿಫಿಕೇಟ್ ಇಲ್ಲ. ಬ್ಯಾರಲ್ ಸುದ್ದಿ ಏನರ ತಿಳೀತೇನ ಅಂತ ಕೇಳಾಕ ಮಾಡೇನಿ. ನೀವು ನೋಡ್ಕೋತೇನಿ ಅಂದಿದ್ರಿ."

"ನೀವ ಚಿಂತಿ ಮಾಡಬ್ಯಾಡ್ರಿ" ಅಂದೆ. "ಎರಡ ದಿನ..."

ಮುಂದಿನದು ಬರಲಿಲ್ಲ. ಯಾಕೋ ಬಾಯಲ್ಲಿ ಕರದಂಟಿನ ಜಿಡ್ಡು ಬಂದ ಹಾಗಾಯಿತು. ಐದು ದಿನದ ಹಿಂದೆ ತಿಂದದ್ದು. ಆಕೆ ಆ ಕಡೆ ಸುಮ್ಮನೆ ಕಾಯುತ್ತಿದ್ದಳು, ಸ್ಯಾಂಪಲ್ ಬಿಸಿ ಆಗುವುದನ್ನು ಕಾಯುವ ಹಾಗೆ.

"ಬ್ಯಾರಲ್ ನಾನ ತಂದೇನ್ರಿ. ಮೂಡಲಗಿ ಗಾಣದಿಂದ. ಹೈಡ್ರೋಸ್ ಇತ್ತು ಅದರಾಗ. ತಂದಾಗ ಗೊತ್ತಿರಲಿಲ್ರಿ. ಸಂಕ್ರಾಂತಿಗೆ ಗೊತ್ತಾತು."

"ಸಂಕ್ರಾಂತಿಗೆ" ಅಂದಳು.

"ಹೌದ್ರಿ."

"ನಾ ಕೇಳಿದ್ದು ಸಂಕ್ರಾಂತಿ ಆಗಿ ಎರಡ ದಿನಕ್ಕ."

"ಹೌದ್ರಿ."

ಹಿಂದೆ ಅವರ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. "ಇದನ್ನ ಹೇಳೂದು ನನಗಲ್ರಿ" ಅಂದು ಇಟ್ಟುಬಿಟ್ಟಳು.

ಕಾಶಿನಾಥ ಒಪ್ಪುವುದಿಲ್ಲ. ತಾನು ತರಲು ಹೇಳೇ ಇಲ್ಲ ಅನ್ನುತ್ತಾನೆ. ಅವನು ಹೇಳಿದ್ದಕ್ಕೆ ಸಾಕ್ಷಿ ಇಲ್ಲ, ನಾನು ತಂದದ್ದಕ್ಕೆ ಮೂಡಲಗಿ ತುಂಬ ಸಾಕ್ಷಿ ಇದೆ. ಕೆಲಸ ಹೋದರೆ ನನ್ನೊಬ್ಬನದೇ ಹೋಗುತ್ತದೆ, ಅವನು ಅದೇ ಕುರ್ಚಿಯಲ್ಲಿ ಇರುತ್ತಾನೆ. ಇದು ನ್ಯಾಯ ಅಲ್ಲ. ನ್ಯಾಯ ಅಲ್ಲ ಅಂತ ಖೋಲಿಯಲ್ಲಿ ಮೂರು ಸಲ ಗಟ್ಟಿಯಾಗಿ ಹೇಳಿದೆ. ಬಾಜೂ ಖೋಲಿಯವರು ಗೋಡೆ ಬಡಿದರು, ಕನ್ನಡಿ ಅಲುಗಿತು. ಮೊಳೆ ಗಟ್ಟಿ ಇದೆ.

ರಾತ್ರಿ ಹತ್ತು ದಾಟಿದ ಮೇಲೆ ಮಾಲಕರ ಮನೆಗೆ ಫೋನು ಮಾಡಿದೆ. ಅವರ ಮನೆಯವರು ತೆಗೆದರು.

"ಯಾರ್ರಿ?"

"ಪ್ಲಾಂಟಿನ ಸಿದ್ರಾಯ ರೀ. ಸಾಹೇಬ್ರ ಜೋಡಿ ಮಾತಾಡೂದಿತ್ತು."

"ಮಲಗ್ಯಾರಪಾ. ಅಷ್ಟ ಅರ್ಜೆಂಟ್ ಏನೈತಿ?"

"ಬ್ಯಾರಲ್ ಸುದ್ದಿರಿ."

"ಬ್ಯಾರಲ್ ಸಲವಾಗಿ ಇಷ್ಟೊತ್ತಿಗೇನೋ? ಮುಂಜಾನೆ ಪೂಜಾ ಮುಗಿಸಿ ಒಂಬತ್ತಕ್ಕ ಹೊರಗ ಬರ್ತಾರ. ಹತ್ತಕ್ಕ ಪ್ಲಾಂಟಿಗೆ ಬರ್ತಾರಲ್ಲ, ಅಲ್ಲೇ ಮಾತಾಡು."

"ಇಲ್ರಿ ಅಕ್ಕಾರ, ಹತ್ತರ ಒಳಗ ಹೇಳೂದೈತ್ರಿ. ಒಂಬತ್ತೂ ಕಾಲಿಗೆ ತಿರುಗಿ ಮಾಡ್ತೇನ್ರಿ."